ಟೇಲರ್ ಮಂಜಿಲಿಗೆ ಹತ್ತಿರದ ದಾರಿ

"ಊರನ್ನ ಕಣ್ಣಿಲೆ ನೋಡಬಾರದು, ಕಾಲಿಲೆ ಓದಬೇಕು!"

ಭಾನುವಾರ ಬೆಳಿಗ್ಗೆ ಚಹಾದ ಕಪ್ಪನ್ನು ವಿಜಯದ ಬಟ್ಟಲಿನಂತೆ ಎತ್ತಿ ಹಿಡಿದು ಜಗದೇವಪ್ಪನವರು ಈ ಘೋಷಣೆ ಹೊರಡಿಸಿದಾಗ, ಅವರ ಹೆಂಡತಿ ಮಲ್ಲೇಶ್ವರಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು:

"ಮೊನ್ನಿ ಹಾಲಿನ ಡೇರಿ ಓದಾಕ ಹೋಗಿ ರಂಗಂಪೇಟಿ ತನಕ ಹೋಗಿದ್ರಲ್ಲ, ಅದು ಯಾವ ಪಾಠ?"

"ಅದು ಊರಿನ ವಿಸ್ತಾರ ತಿಳಕೊಳ್ಳಾಕ ಹೋಗಿದ್ದೆ!"

"ಹೌದ್ರಿ. ನೀವು ವಿಸ್ತಾರ ತಿಳಕೊಂಡು ಬರೂದ್ರಾಗ ಹಾಲು ಮೊಸರಾಗಿತ್ತು."

ಜಗದೇವಪ್ಪನವರು ಇಂಥ ಸಣ್ಣ ಮಾತುಗಳಿಗೆಲ್ಲ ಬಗ್ಗುವವರಲ್ಲ. ನೀರಾವರಿ ಇಲಾಖೆಯ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ನಾರಾಯಣಪುರದ ಕ್ವಾರ್ಟರ್ಸಿನಲ್ಲೇ ತಲೆಗೂದಲು ನೆರೆಸಿ, ಈಚೆಗಷ್ಟೇ ನಿವೃತ್ತರಾಗಿದ್ದರು. ಮಗಳು ಪರಿಮಳಾ ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳಿದ್ದ ಬಾಡಿಗೆ ಮನೆಗೆ ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆ ಪಾತ್ರೆ ಸಮೇತ ಬಂದು ಸೇರಿಕೊಂಡಿದ್ದರು. ಬಂದ ದಿನದಿಂದಲೇ ಜಗದೇವಪ್ಪನವರು ಸುರಪುರದ ಮೂಲನಿವಾಸಿಯಂತೆ ಮಾತಾಡತೊಡಗಿದ್ದರು!

ಈ ದಿನ ಮಾತಿಗೆ ಪರೀಕ್ಷೆ ಇತ್ತು. ಬಳಿಚಕ್ರದಿಂದ ಅಂಬ್ರಪ್ಪ ಮಾಸ್ತರರೂ ಅವರ ಹೆಂಡತಿ ದೇವಕಮ್ಮನೂ ಬರುವವರಿದ್ದರು. ಅವರ ಮಗ ಬಸಲಿಂಗ ಯಾದಗಿರಿಯಲ್ಲಿ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದ. ಅವನೂ ಪರಿಮಳಾಳೂ ಚುನಾವಣೆ ಡ್ಯೂಟಿಯಲ್ಲಿ ಒಂದೇ ಮತಗಟ್ಟೆಗೆ ಬಿದ್ದು, ಮತದಾರರು ಬರುವ ಮೊದಲೇ ಒಬ್ಬರಿಗೊಬ್ಬರು ಮತ ಹಾಕಿಕೊಂಡಿದ್ದರು. ಅಂಬ್ರಪ್ಪ ಮಾಸ್ತರರಿಗೆ ಒಪ್ಪಿಗೆ ಇತ್ತು. ದೇವಕಮ್ಮ ಮಾತ್ರ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. "ಮಂದಿ ಹ್ಯಾಂಗ ಅದಾರ ಒಮ್ಮಿ ನೋಡಿ ಹೇಳ್ತೀನಿ" ಎಂದಷ್ಟೇ ಹೇಳಿದ್ದರು.

ಫೋನಿನಲ್ಲಿ ಮಾಸ್ತರರು ಮಾತಿಗೆ ಮಾತು ಬಂದು ಹೇಳಿದ್ದರು: "ಶಹಾಪುರದ ಗುಡ್ಡದಾಗ ಮಲಗಿದ ಬುದ್ಧನ್ನ ಬಸ್ಸಿನ್ಯಾಗಿಂದ ಎಷ್ಟೋ ಸಲ ನೋಡೀನ್ರಿ. ಯಾದಗಿರಿ ಕೋಟಿನೂ ಏರೀನಿ. ನಿಮ್ಮ ಸುರಪುರದ ಟೇಲರ್ ಮಂಜಿಲ್ ಮಾತ್ರ ಕೆಳಗಿಂದಾನ ನೋಡಿದ್ದು."

"ಬರ್ರಿ ಸರ! ಗೈಡ್ ಬ್ಯಾಡ, ಆಟೋ ಬ್ಯಾಡ. ನಾನಾ ಕಾಲ್ನಡಿಗಿಯೊಳಗ ಇಡೀ ಇತಿಹಾಸ ತೋರಸ್ತೀನಿ!" ಎಂದುಬಿಟ್ಟಿದ್ದರು ಜಗದೇವಪ್ಪನವರು. ದೊಡ್ಡ ಊರುಗಳಲ್ಲಿ ಜನ ಹಾಗೆ ಗುಂಪುಗಟ್ಟಿ ಹಳೆಯ ಕಟ್ಟಡ ನೋಡುತ್ತ ನಡೆಯುವುದನ್ನು ಅವರು ಮೊಬೈಲಿನಲ್ಲಿ ನೋಡಿದ್ದರು. ಅದಕ್ಕೆ 'ಪರಂಪರೆ ನಡಿಗೆ' ಎಂಬ ಹೆಸರಿತ್ತು. ಆ ಹೆಸರೇ ಅವರನ್ನು ಅರ್ಧ ಗುಡ್ಡ ಹತ್ತಿಸಿಬಿಟ್ಟಿತ್ತು.

"ಅಪ್ಪಾ, ನಾನೂ ಬರ್ತೀನಿ. ಆ ಗಲ್ಲಿಗಳು ಭಾಳ ಸುತ್ತಾಡಸ್ತಾವ," ಎಂದಳು ಪರಿಮಳಾ.

"ಛೇ! ನೋಡಾಕ ಬಂದವರ ಮುಂದ ಹುಡುಗಿ ಗೈಡಾಗಿ ಓಡಾಡಿದ್ರ ಏನ್ ಚಂದ? ನೀನು ಅವ್ವನ ಕೂಡ ಹೋಳಿಗಿ ಮಾಡು."

"ನಂಗ ಹೋಳಿಗಿ ಮಾಡಾಕ ಬರಂಗಿಲ್ಲಲ್ಲಪ್ಪ."

"ಅದನ್ನ ಅವರ ಮುಂದ ಹೇಳಬ್ಯಾಡ!"

"ಅಲ್ರೀ," ಎಂದಳು ಮಲ್ಲೇಶ್ವರಿ, "ಬರೋಬ್ಬರಿ ದಾರಿ ಗೊತ್ತದ ಇಲ್ಲ?"

ಜಗದೇವಪ್ಪನವರು ಎದೆಯುಬ್ಬಿಸಿದರು. "ಕೃಷ್ಣಾ ನದಿ ನೀರಿಗೇ ಹೊಲ ಹೊಲಕ್ಕ ದಾರಿ ತೋರಿಸಿ ಕಳಿಸಿದ ಇಲಾಖಿಯಾಂವ ನಾನು! ಇಬ್ಬರು ಮನುಷ್ಯಾರನ್ನ ಒಂದು ಗುಡ್ಡಕ್ಕ ಮುಟ್ಟಸಾಕ ಆಗಂಗಿಲ್ಲೇನು?"

"ನೀರು ಕಡೀ ಹೊಲಕ್ಕ ಮುಟ್ಟಿತ್ತೇನ್ರಿ?"

"ಅದು ನೀರಿನ ತಪ್ಪು!"

ಅತಿಥಿಗಳು ಬಂದರು. ಅಂಬ್ರಪ್ಪ ಮಾಸ್ತರರು ಬೂದು ಬಣ್ಣದ ಸಫಾರಿ ಹಾಕಿ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದರು. ಹೆಡ್ ಮಾಸ್ತರಿಕೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ನಡಿಗೆಯಲ್ಲಿ ಇನ್ನೂ ತಪಾಸಣೆಯ ಗತ್ತು ಇತ್ತು. ದೇವಕಮ್ಮ ಇಳಕಲ್ ಸೀರೆಯ ಸೆರಗು ಹೊದ್ದು ಸುಮ್ಮನೆ ಕುಳಿತರು. ಅವರದು ಮಾತು ಕಡಿಮೆ, ನೋಟ ಹೆಚ್ಚು. ಸಂತೆಯಲ್ಲಿ ಜೋಳ ಕೊಳ್ಳುವವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾರಲ್ಲ, ಹಾಗೆ ಅವರು ಮನೆಯನ್ನೂ ಮನೆಯವರನ್ನೂ ನೋಡುತ್ತಿದ್ದರು. ಸುಸಲಾ, ಮಿರ್ಚಿ, ಚಹಾ ಆಯಿತು. ಜಗದೇವಪ್ಪನವರು ಬಿಸಿಲಿಗೆಂದು ಉದ್ದ ಕಾವಿನ ಛತ್ರಿ ಕೈಗೆತ್ತಿಕೊಂಡರು. ದಂಡಯಾತ್ರೆ ಹೊರಟಿತು!

ಮೊದಲು ವೇಣುಗೋಪಾಲಸ್ವಾಮಿ ಗುಡಿ. ಇದು ದೊಡ್ಡ ರಸ್ತೆಯಿಂದ ಸುಲಭವಾಗಿ ಸಿಗುವುದರಿಂದ ಜಗದೇವಪ್ಪನವರಿಗೂ ಸಿಕ್ಕಿತು. ಬಾಗಿಲು ಹಾಕಿತ್ತು. ಹೊರಗೆ ನಿಂತೇ ವ್ಯಾಖ್ಯಾನ ಶುರುವಾಯಿತು.

"ಯಾವ ಶತಮಾನದ್ದು ಇರಬೇಕ್ರಿ?" ಎಂದರು ಮಾಸ್ತರರು.

"ಭಾಳ ಶತಮಾನದ್ದು ರೀ!"

"ಕಟ್ಟಿಸಿದವರು?"

"ಕಟ್ಟಸಾಕ ಬರೋರಾ ಕಟ್ಟಿಸ್ಯಾರ್ರಿ!"

"ಸುರಪುರದ ನಾಯಕರು ಅಂತ ಕೇಳಿದ್ದೆ."

"ಅವರಾ! ಅವರಿಗೆ ಕಟ್ಟಸಾಕ ಭಾಳ ಚಂದ ಬರ್ತಿತ್ತು!"

ದೇವಕಮ್ಮ ಅಂಗೈಯ ಜೋಳವನ್ನು ಇನ್ನಷ್ಟು ಹತ್ತಿರ ಹಿಡಿದು ನೋಡಿದಂತಾಯಿತು. ಜಗದೇವಪ್ಪನವರು ಬೇಗನೆ ಛತ್ರಿಯನ್ನು ಗುಡ್ಡದ ಕಡೆ ಚಾಚಿದರು. ಮೇಲೆ, ದೊಡ್ಡ ದೊಡ್ಡ ಬಂಡೆಗಳ ಆಚೆ, ಟೇಲರ್ ಮಂಜಿಲ್ ಬೆಳ್ಳಗೆ ಕಾಣುತ್ತಿತ್ತು. ಇಂಗ್ಲಿಷರ ಕಾಲದಲ್ಲಿ ಇಲ್ಲಿದ್ದ ಟೇಲರ್ ಎಂಬ ಅಧಿಕಾರಿಯ ಬಂಗಲೆ. ಅದಕ್ಕೆ ನೇರವಾದ ಗಾಡಿರಸ್ತೆ ಇದೆ. ಮಾಸ್ತರರು ಆ ಕಡೆ ಹೆಜ್ಜೆ ಇಟ್ಟರು ಕೂಡ.

"ಆ ಕಡೆ ಬ್ಯಾಡ್ರಿ ಸರ! ಗಾಡಿ ರಸ್ತಾದಾಗ ಹೋದ್ರ ಅದು ಪ್ರವಾಸ. ಗಲ್ಲ್ಯಾಗ ಹೋದ್ರ ಅದು ಇತಿಹಾಸ! ಬರ್ರಿ, ಹತ್ತಿರದ ದಾರಿ ಅದ!"

ಮೂವರೂ ಗಲ್ಲಿಗೆ ನುಗ್ಗಿದರು. ಸುರಪುರದ ಗಲ್ಲಿಗಳಿಗೆ ಒಂದು ಸ್ವಭಾವವಿದೆ. ಅವು ಮೇಲೇರುತ್ತೇವೆ ಎಂದು ನಂಬಿಸಿ ಕೆಳಗಿಳಿಸುತ್ತವೆ. ಎಡಕ್ಕೆ ಕರೆದು ಬಲಕ್ಕೆ ಬಿಡುತ್ತವೆ. ಟೇಲರ್ ಮಂಜಿಲ್ ಕಣ್ಣಿಗೆ ಪ್ರತಿ ತಿರುವಿನಲ್ಲೂ ಸಿಗುತ್ತಿತ್ತು, ಕಾಲಿಗೆ ಮಾತ್ರ ಸಿಗಲಿಲ್ಲ. ಕಾಲಿಗೆ ಸಿಕ್ಕದ್ದು ಒಂದು ಹಿಟ್ಟಿನ ಗಿರಣಿ. ಗಿರಣಿಯ ಮಾಲಕ ಮೈನುದ್ದೀನ ಹುಬ್ಬಿನಿಂದ ಹಿಮ್ಮಡಿಯವರೆಗೆ ಜೋಳದ ಹಿಟ್ಟು ಬಳಿದುಕೊಂಡು ನಿಂತಿದ್ದ. ಸಲಾಂ ಮಾಡಿದ. ಇವರೂ ಸಲಾಂ ಮಾಡಿ ಮುಂದೆ ಹೋದರು.

ಮುಂದೆ ಹೋಗಿ, ತಿರುಗಿ, ಏರಿ, ಇಳಿದು, ಮತ್ತೆ ಅದೇ ಗಿರಣಿ!

"ಏನರ ಬೇಕಿತ್ತೇನ್ರಿ?" ಎಂದ ಮೈನುದ್ದೀನ.

"ಇಲ್ಲಿಲ್ಲ. ನೋಡಾಕತ್ತೇವಿ," ಎಂದರು ಜಗದೇವಪ್ಪನವರು ಗಂಭೀರವಾಗಿ.

ಮೂರನೆಯ ಸಲ ಅದೇ ಗಿರಣಿ ಎದುರಾದಾಗ ಮೈನುದ್ದೀನ ಗಿರಣಿಯನ್ನೇ ಬಂದ್ ಮಾಡಿ, ಸೊಂಟದ ಮೇಲೆ ಕೈಯಿಟ್ಟು, ಇವರನ್ನು ನೋಡುತ್ತ ನಿಂತ.

"ಈ ಗಿರಣಿನೂ ಐತಿಹಾಸಿಕ ಏನ್ರಿ?" ಎಂದು ಮಾಸ್ತರರು ಬಹಳ ಮರ್ಯಾದೆಯಿಂದ ಕೇಳಿದರು.

"ಮಹತ್ವದ ಜಾಗಾನ ಎಲ್ಲಾ ದಿಕ್ಕಿನಿಂದ ನೋಡಬೇಕ್ರಿ ಸರ!"

ಬಾಯಲ್ಲಿ ಹಾಗೆಂದರೂ ಜಗದೇವಪ್ಪನವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದಾರಿ ಕೇಳಿದರೆ ಮಾನ ಹೋಗುತ್ತದೆ, ಕೇಳದಿದ್ದರೆ ದಿನವೇ ಹೋಗುತ್ತದೆ. ಎದುರಿಗೆ ಬಂದ ಒಬ್ಬ ಹೆಂಗಸಿನ ಹತ್ತಿರ ಸರಿದು, ಅತಿಥಿಗಳಿಗೆ ಕೇಳಿಸದಂತೆ, ಅರ್ಧ ಪ್ರಶ್ನೆಯನ್ನು ಬಾಯಲ್ಲಿ ಅರ್ಧ ಹೊಟ್ಟೆಯಲ್ಲಿ ಇಟ್ಟುಕೊಂಡು, "ಇಲ್ಲಿ ಟೇಲರ್..." ಎಂದರು. ಅವಳು ತಕ್ಷಣ ಬೆರಳು ತೋರಿಸಿದಳು. ಜಗದೇವಪ್ಪನವರು ಗೆದ್ದ ನಗೆ ನಕ್ಕು, ಆ ಕಡೆ ಸೈನ್ಯವನ್ನು ನಡೆಸಿದರು. ಸೈನ್ಯ ಹೋಗಿ ಒಂದು ಹೊಲಿಗೆ ಅಂಗಡಿಯ ಮುಂದೆ ನಿಂತಿತು!

"ಬರ್ರಿ ಬರ್ರಿ," ಎಂದಳು ಒಳಗಿದ್ದವಳು ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ. "ಬ್ಲೌಜೇನ್ರಿ, ಫಾಲೇನ್ರಿ?"

"ನೋಡ್ರಿ ಸರ," ಎಂದರು ಜಗದೇವಪ್ಪನವರು, ಸೋಲನ್ನು ಒಪ್ಪದ ದಂಡನಾಯಕನಂತೆ, "ಟೇಲರ್ ಅನ್ನೋ ಹೆಸರಿನ ಪರಂಪರಾ ಈ ಊರಾಗ ಇವತ್ತಿಗೂ ಹ್ಯಾಂಗ ಉಳದದ!"

ದೇವಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೆಮ್ಮೋ ನಗುವೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಜಗದೇವಪ್ಪನವರಿಗೆ ಇರಲಿಲ್ಲ.

ಇನ್ನು ಏನಾದರೂ ಒಂದು ಇತಿಹಾಸವನ್ನು ತಕ್ಷಣ ಹಿಡಿದು ನಿಲ್ಲಿಸಲೇಬೇಕು! ಅಷ್ಟರಲ್ಲಿ ಅದು ಕಂಡಿತು. ಗಲ್ಲಿಯ ಮೂಲೆಯಲ್ಲಿ ಒಂದು ದೊಡ್ಡ ಕಲ್ಲಿನ ಕಮಾನು. ಎರಡೂ ಬದಿಗೆ ಕೆತ್ತಿದ ಹೂಬಳ್ಳಿ. ಸವೆದು ನುಣುಪಾದ ಹೊಸ್ತಿಲು. ಬಾಗಿಲು ತೆರೆದೇ ಇತ್ತು.

"ಹಾಂ! ಇದನ್ನಾ ತೋರಸಬೇಕಂತ ಇಷ್ಟೊತ್ತು ಸುತ್ತಿಸಿದ್ದು! ನಾಯಕರ ಕಾಲದ ರಾಣಿವಾಸದ ಬಾಗಿಲು! ಬರ್ರಿ ಒಳಗ!"

"ಯಾರರ ಇರಬಹುದಲ್ರಿ?" ಎಂದರು ದೇವಕಮ್ಮ. ಬೆಳಗಿನಿಂದ ಅವರಾಡಿದ ಮೊದಲ ಪೂರ್ತಿ ವಾಕ್ಯ ಅದು.

"ರಾಣಿಯರು ಹೋಗಿ ಭಾಳ ದಿನ ಆತ್ರಿ ಅಕ್ಕಾರ!"

ಒಳಗೆ ಬಿಸಿಲು ತುಂಬಿದ ಅಂಗಳ. ಅಂಗಳದ ಉದ್ದಕ್ಕೂ ಹಗ್ಗ ಕಟ್ಟಿ, ಅದಕ್ಕೆ ತೂಗಿಸಿದ ಕೋಲುಗಳಿಗೆ ಎಳೆ ಎಳೆಯಾಗಿ ಶಾವಿಗೆ ನೇತುಹಾಕಿದ್ದರು. ಇತಿಹಾಸದ ಆವೇಶ ಏರಿದ ಜಗದೇವಪ್ಪನವರ ಕಣ್ಣಿಗೆ ಅದು ಯಾವುದೋ ಪರದೆಯಂತೆ ಕಂಡಿರಬೇಕು. ಅಂಗಳದ ನಡುವೆ ನಿಂತು ಛತ್ರಿಯನ್ನು ಕತ್ತಿಯಂತೆ ಎಳೆದರು.

"ವೈರಿ ಬಂದಾಗ ನಾಯಕರ ಸರದಾರರು ಇಲ್ಲೇ ನಿಂತು, ಹೀಂಗ ಒಂದು ಬೀಸಿದ್ರು ಅಂದ್ರ..."

ಬೀಸಿದರು. ಹಗ್ಗ ಹರಿಯಿತು. ಶಾವಿಗೆಯ ಕೋಲುಗಳು ಒಂದರ ಹಿಂದೆ ಒಂದು ಹುತಾತ್ಮವಾದವು!

"ಯಾ ಅಲ್ಲಾ!"

ಒಳಗಿನಿಂದ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಓಡಿ ಬಂದಳು. ಆ ಮನೆಯ ಒಡತಿ ಹಜರಾಬೀ. "ಯಾರ್ರೀ ನೀವು? ರಂಜಾನಿಗಂತ ಮುಂಜಾನಿಂದ ಕುಂತು ಹೊಸದೀನಿ! ಏನ್ ಮಾಡಿಟ್ರಿ ಇದನ್ನ?"

ಹೆದರಿದಾಗ ಜಗದೇವಪ್ಪನವರ ಬಾಯಿಂದ ಬರುವುದು ಕಚೇರಿಯ ಭಾಷೆ ಒಂದೇ. "ಅದು... ಸದರಿ ಐತಿಹಾಸಿಕ ಸ್ಥಳದ... ಖುದ್ದು ವೀಕ್ಷಣೆಗೆ ಸಂಬಂಧಿಸಿದಂತೆ..."

ಹಜರಾಬೀಯ ಮುಖದ ಬಣ್ಣ ಹೋಯಿತು. ಹಿಂದಿನ ವಾರದಿಂದ ಆ ಗಲ್ಲಿಯಲ್ಲಿ ಒಂದು ಗಾಳಿಸುದ್ದಿ ಓಡಾಡುತ್ತಿತ್ತು. ಹಳೆಯ ಮನೆಗಳನ್ನು ಗುರುತು ಹಾಕಿಕೊಳ್ಳಲು ಯಾರೋ ಬರುತ್ತಾರಂತೆ. ಗುರುತಾದ ಮನೆಗೆ ಆಮೇಲೆ ಒಂದು ಮೊಳೆ ಕೂಡ ಹೊಡೆಯುವಂತಿಲ್ಲವಂತೆ! ಅವಳು ಮಾಸ್ತರರ ಸಫಾರಿ ನೋಡಿದಳು. ಕ್ಯಾಮೆರಾ ನೋಡಿದಳು. ಮುಗಿಯಿತು.

"ಸಾಹೇಬ್ರ! ಇದು ಹಳೀ ಮನಿ ಅಲ್ರಿ! ನಮ್ಮ ಮಾವ ಕಟ್ಟಿಸಿದ್ದು. ಮೊನ್ನಿ ಮೊನ್ನಿ!"

ಮಾಸ್ತರರು ಬಗ್ಗಿ ಹೊಸ್ತಿಲು ಮುಟ್ಟಿ ನೋಡಿದರು. "ಮೊನ್ನಿ ಮೊನ್ನಿ ಕಟ್ಟಿದ್ದು ಇಷ್ಟ್ಯಾಕ ಸವದದಮ್ಮ?"

"ನಮ್ಮನ್ಯಾಗ ಮಂದಿ ಭಾಳ್ರಿ! ಅಡ್ಡಾಡಿ ಅಡ್ಡಾಡಿ ಸವದದ!"

ಆಗಲೇ ಜಗದೇವಪ್ಪನವರು ಹೇಳಬಹುದಿತ್ತು. 'ತಂಗೀ, ನಾವು ಸಾಹೇಬರಲ್ಲ, ದಾರಿ ತಪ್ಪಿದವರು' ಎಂಬ ಒಂದು ಮಾತು ಸಾಕಿತ್ತು. ಆದರೆ 'ಸಾಹೇಬ್ರ' ಎಂಬ ಶಬ್ದ ಅವರ ಕಿವಿಯೊಳಗೆ ಹೋಗಿ ಸಕ್ಕರೆಯಂತೆ ಕರಗುತ್ತಿತ್ತು. ನಿವೃತ್ತರಾದ ಮೇಲೆ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ಡೇರಿಯ ಹುಡುಗರು ಕೂಡ 'ಏ ಅಂಕಲ್, ಸಾಲಿನ್ಯಾಗ ನಿಲ್ರಿ' ಎನ್ನುತ್ತಿದ್ದರು. ಸಾಲದ್ದಕ್ಕೆ, ಪಕ್ಕದಲ್ಲಿ ಆಗಲಿರುವ ಬೀಗರು ನಿಂತಿದ್ದಾರೆ! ಜಗದೇವಪ್ಪನವರು ಛತ್ರಿಯಿಂದ ಕಮಾನನ್ನು ತಟ್ಟಿದರು.

"ಸುಳ್ಳು ಹೇಳಬ್ಯಾಡ್ರಿ. ಇದು ಪಕ್ಕಾ ನಾಯಕರ ಕಾಲದ್ದು. ಇದರಾಗಿನ ಒಂದು ಕಲ್ಲೂ ಅಲಗಾಡಸಂಗಿಲ್ಲ!"

ಅಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿತ್ತು. ಎಲ್ಲರಿಗಿಂತ ಮುಂದೆ ಹಿಟ್ಟಿನ ಮೈನುದ್ದೀನ. "ನಾ ಆಗ್ಲೇ ಹೇಳಿದ್ನಲ್ಲ! ಮುಂಜಾನಿಂದ ಗಲ್ಲಿ ಸುತ್ತು ಹೊಡಿಯಾಕತ್ತಾರ. ಪೂರಾ ಅಳತಿ ತಗೊಂಡಾರ! ಟೇಪ್ ಇದ್ದ ಕಡೀನೂ ಹೋಗಿದ್ರಂತ!"

ಅವನನ್ನು ತಳ್ಳಿಕೊಂಡು ಪಕ್ಕದ ಮನೆಯ ದೇವಿಂದ್ರ ಒಳಗೆ ಬಂದ. ಅವನ ಸಮಸ್ಯೆ ಉಲ್ಟಾ. "ಸಾಹೇಬ್ರ, ಜರಾ ನಮ್ಮ ಗ್ವಾಡಿನೂ ಹಳೇದು ಅಂತ ಹೇಳಿ ಹೋಗ್ರಿ! ನಮ್ಮಣ್ಣ ಅದನ್ನ ಕೆಡವತೀನಂತ ನಿಂತಾನ. ಇತಿಹಾಸ ಅಂದ್ರ ಮುಟ್ಟಂಗಿಲ್ಲ, ಹೌದಿಲ್ರಿ?"

ಎಲ್ಲರೂ ಕತ್ತು ಚಾಚಿ ಗೋಡೆ ನೋಡಿದರು. ಅದು ಸಿಮೆಂಟಿನ ಗೋಡೆ. ಗಿಲಾವು ಇನ್ನೂ ಹಸಿಯಾಗಿರುವಂತೆ ಹೊಳೆಯುತ್ತಿತ್ತು.

"ನೋಡೂಣು," ಎಂದರು ಜಗದೇವಪ್ಪನವರು ಗದ್ದ ಸವರಿಕೊಳ್ಳುತ್ತ. "ಶೈಲಿ ಮಾತ್ರ ನಾಯಕರದಾ ಕಾಣ್ತದ."

"ಮತ್ತ ನನ್ನ ಗತಿ ಏನ್ರಿ?"

ಅದು ಹಜರಾಬೀಯ ದನಿ. ಮೊದಲಿನ ಜೋರು ಅದರಲ್ಲಿರಲಿಲ್ಲ. "ನಮ್ಮ ಅತ್ತೀಗೆ ಕಾಲು ಆಗವಲ್ದು ಸಾಹೇಬ್ರ. ಬಚ್ಚಲಕ್ಕ ಹೋಗಬೇಕಂದ್ರ ಇಡೀ ಅಂಗಳ ದಾಟಿ ಮೆಟ್ಟಲಾ ಇಳೀಬೇಕು. ಎರಡು ಸಲ ಬಿದ್ದಾರ. ಈ ಗ್ವಾಡಿಗೆ ಹಚ್ಚಿ ಒಂದು ಬಚ್ಚಲ ಕಟ್ಟಿಸಬೇಕಂತ ಗೌಂಡಿಗೆ ಹೇಳೀನಿ, ನಾಳೆ ಬರಾಂವ ಇದ್ದಾನ. ನೀವು ಒಂದು ಕಲ್ಲೂ ಮುಟ್ಟಬ್ಯಾಡ ಅಂದ್ರ ಆ ಮುದುಕಿ ಏನ್ ಮಾಡಬೇಕ್ರಿ?"

ಪಡಸಾಲೆಯ ಮಂಚದ ಮೇಲೆ ಖುರ್ಷೀದಬೇಗಂ ಕುಳಿತಿದ್ದರು. ಗುಬ್ಬಿಯಷ್ಟು ಸಣ್ಣ ಮುದುಕಿ. ಅವರ ಪಕ್ಕದಲ್ಲಿ ದೇವಕಮ್ಮ! ಯಾವಾಗ ಚಪ್ಪಲಿ ಬಿಟ್ಟು ಹೋಗಿ ಕುಳಿತರೋ ಯಾರೂ ನೋಡಿರಲಿಲ್ಲ. ಬಿದ್ದ ಶಾವಿಗೆಯನ್ನು ಮೊರದಲ್ಲಿ ಆರಿಸಿಕೊಂಡು, ಮುರಿದದ್ದು ಬೇರೆ ಉದ್ದನೆಯದು ಬೇರೆ ಮಾಡುತ್ತಿದ್ದರು. ತಲೆಯೆತ್ತಿ ಜಗದೇವಪ್ಪನವರನ್ನು ಒಮ್ಮೆ ನೋಡಿದರು. ಜೋಳದಲ್ಲಿ ಹುಳ ಸಿಕ್ಕಾಗ ನೋಡುವ ನೋಟ ಅದು.

ಜಗದೇವಪ್ಪನವರೊಳಗಿನ ಸಾಹೇಬ ತೂತಾದ ಟೈರಿನಂತೆ ಸದ್ದಿಲ್ಲದೆ ಗಾಳಿ ಕಳೆದುಕೊಂಡ. ಮಗಳ ಮದುವೆ ಈ ಅಂಗಳದಲ್ಲೇ ಮಣ್ಣಾಯಿತು ಎಂದು ಅವರಿಗೆ ಖಾತ್ರಿಯಾಯಿತು. ಆದರೂ ಆ ಮುದುಕಿಯ ಕಾಲು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಇಲ್ಲ ತಂಗೀ. ನಾನು ಯಾವ ಸಾಹೇಬನೂ ಅಲ್ಲ. ನೀ ಬಚ್ಚಲ ಕಟ್ಟಿಸು. ನಾವು ಟೇಲರ್ ಮಂಜಿಲ್ ನೋಡಾಕ ಹೊಂಟಿದ್ವಿ... ದಾರಿ ತಪ್ಪೇದ."

"ಅಂದ್ರ ನಮ್ಮ ಗ್ವಾಡಿ?" ಎಂದ ದೇವಿಂದ್ರ.

"ನಿಮ್ಮ ಗ್ವಾಡಿ ಇನ್ನಾ ಹಸೀ ಅದ."

"ಹಾಂಗಾದ್ರ ನೀವು ಯಾರು? ಯಾವ ಆಫೀಸು?"

"ಆಫೀಸಿಲ್ಲಪ್ಪ, ರಿಟಾಯರ್ ಆಗೇನಿ. ನೀರಾವರಿಯೊಳಗ ಇದ್ದೆ."

ಅಂಗಳದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಸತ್ಯ ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದ ಜಗದೇವಪ್ಪನವರಿಗೆ, ಕೆಲವು ಸತ್ಯಗಳಿಗೆ ಸುಳ್ಳಿಗಿಂತ ಹೆಚ್ಚು ಭಾರವಿರುತ್ತದೆ ಎಂಬುದು ಆಗ ತಿಳಿಯಿತು.

"ನೀರಾವರಿ?!" ಎಂದ ಮೈನುದ್ದೀನ ಹಿಟ್ಟು ಕೊಡವಿಕೊಳ್ಳುತ್ತ. "ನಮ್ಮ ಹೊಲ ಕಾಲುವಿ ಕಟ್ಟಕಡೀಗೆ, ಟೇಲೆಂಡಿನ್ಯಾಗದ ರೀ!"

"ನಮ್ದೂ ಟೇಲೆಂಡ್!" ಎಂದ ದೇವಿಂದ್ರ.

"ನಮ್ಮ ತವರುಮನಿ ಹೊಲಾನೂ ಟೇಲೆಂಡ್!" ಎಂದಳು ಬಾಗಿಲಲ್ಲಿದ್ದ ಹೊಲಿಗೆ ಅಂಗಡಿಯವಳು.

"ಭತ್ತ ಒಣಗೂ ಮುಂದ ನೀರು ಎಲ್ಲಿ ಹೋಗ್ತದ ಹೇಳ್ರಿ ಈಗ!"

"ನಾನು ಗುಮಾಸ್ತ ಇದ್ದೆ ರೀ! ನನ್ನ ಕೈಯಾಗ ಗೇಟ್ ಇರಲಿಲ್ಲ, ಪೆನ್ನಿತ್ತು!"

ಗದ್ದಲದ ನಡುವೆ ಮಾಸ್ತರರು ಜಗದೇವಪ್ಪನವರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಟೇಲರ್ ತೋರಸ್ತೀನಂತ ಕರಕೊಂಡು ಬಂದು ಟೇಲೆಂಡಿಗೆ ಮುಟ್ಟಿಸಿದ್ರಲ್ರಿ!"

ಆಗ ಫೋನು ಬಡಿದುಕೊಂಡಿತು. ಮಲ್ಲೇಶ್ವರಿ.

"ಎಲ್ಲಿ ಅದೀರಿ? ಹೋಳಿಗಿ ಆರಾಕತ್ತಾವ!"

"ಇತಿಹಾಸದಾಗ..."

"ಯಾವ ಓಣಿ ಅಂತ ಕೇಳಾಕತ್ತೇನಿ!"

"ಗೊತ್ತಿಲ್ಲ," ಎಂದರು ಜಗದೇವಪ್ಪನವರು. ಅಷ್ಟು ಸಣ್ಣ ದನಿಯಲ್ಲಿ ಅವರು ಮದುವೆಯ ದಿನವೂ ಮಾತಾಡಿರಲಿಲ್ಲ.

ದೇವಕಮ್ಮ ಎದ್ದು ಬಂದು ಫೋನನ್ನು ತಾವೇ ಇಸಿದುಕೊಂಡರು. "ಹಲೋ, ಅಕ್ಕಾರ? ಗಿರಣಿ ಹಿಂದ ಹಜರಾಬೀ ಅವರ ಮನ್ಯಾಗ ಅದೀವಿ. ಏನೂ ಫಿಕರ್ ಮಾಡಬ್ಯಾಡ್ರಿ. ಮಗಳನ್ನ ಜರಾ ಕಳಸ್ರಿ."

ಸ್ವಲ್ಪ ಹೊತ್ತಿನಲ್ಲೇ ಸ್ಕೂಟಿಯ ಸದ್ದಾಯಿತು. ಪರಿಮಳಾ ಕಮಾನಿನೊಳಗೆ ಕಾಲಿಟ್ಟಳೋ ಇಲ್ಲವೋ, ಗದ್ದಲಕ್ಕೆ ಯಾರೋ ನೀರು ಸುರಿದಂತಾಯಿತು.

"ಅರೇ, ಪರಿಮಳಾ ಟೀಚರ್!" ಎಂದಳು ಹಜರಾಬೀ. "ಇವರು ನಿಮ್ಮ ತಂದೀನಾ? ಮೊದಲೇ ಹೇಳಬಾರದೇನ್ರಿ ಸಾಹೇಬ್ರ! ನಮ್ಮ ಹುಡುಗಿ ಸಾಲಿ ಬಿಡತೀನಂದಾಗ ಇದೇ ಅಂಗಳದಾಗ ಕುಂತು ಆಕಿನ್ನ ಹೊಳ್ಳಿ ಕಳಿಸಿದಾಕಿ ನಿಮ್ಮ ಮಗಳು!"

ಪರಿಮಳಾ ಅಪ್ಪನನ್ನು ನೋಡಿದಳು, ನೆಲದ ಮೇಲಿನ ಶಾವಿಗೆ ನೋಡಿದಳು, ಛತ್ರಿ ನೋಡಿದಳು. ವೇಲನ್ನು ಸೊಂಟಕ್ಕೆ ಬಿಗಿದು, ಹರಿದ ಹಗ್ಗಕ್ಕೆ ಗಂಟು ಹಾಕುತ್ತ ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು. "ತಪ್ಪಾಗ್ಯಾದ್ರಿ ಹಜರಾಬೀ ಅಕ್ಕ. ಅಂಥಾ ಹುಕುಂ ಏನೂ ಬಂದಿದ್ದು ನಾ ಕೇಳಿಲ್ಲ. ಯಾರರ ಬಂದು ಹಾಂಗಂದ್ರ ಮೊದಲು ಕಾಗದ ತೋರಸ್ರಿ ಅನ್ರಿ, ನನಗೂ ಒಂದು ಫೋನ್ ಮಾಡ್ರಿ. ದೇವಿಂದ್ರಣ್ಣ, ನಿಮ್ಮ ಗ್ವಾಡಿ ಕಟ್ಟೂ ಮುಂದ ನನ್ನ ಸ್ಕೂಟಿ ನಿಮ್ಮ ಸಿಮೆಂಟಿನ್ಯಾಗ ಸಿಕ್ಕಿತ್ತು, ಮರತ್ರೇನು? ಮೈನುದ್ದೀನ ಚಾಚಾ, ಅಪ್ಪ ಕಾಲುವಿ ಬಿಟ್ಟು ಬಂದಾರ. ಈಗ ಅವರಿಗೆ ಮನ್ಯಾಗಿನ ನಳಾನೂ ಬಂದ್ ಮಾಡಾಕ ಬರಂಗಿಲ್ಲ."

ಜನ ಗೊಳ್ಳೆಂದು ನಕ್ಕರು. ಮೈನುದ್ದೀನ ಎಲ್ಲರಿಗಿಂತ ಜೋರಾಗಿ ನಕ್ಕು, ನಗುವಿನ ರಭಸಕ್ಕೆ ಅಂಗಳದಲ್ಲಿ ಹಿಟ್ಟಿನ ಮೋಡ ಎಬ್ಬಿಸಿದ.

"ಟೀಚರಮ್ಮ," ಎಂದರು ಮಂಚದ ಮೇಲಿನ ಖುರ್ಷೀದಬೇಗಂ, ನಡುಗುವ ದನಿಯಲ್ಲಿ. "ನಿಮ್ಮ ತಂದಿ ಹೇಳಿದ್ದು ಖರೇ ಅದ. ಈ ಕಮಾನು ಭಾಳ ಹಳೇದು. ನನ್ನ ಅತ್ತಿ ಮದವ್ಯಾಗಿ ಬಂದಾಗೂ ಹಿಂಗಾ ಇತ್ತಂತ."

"ಅಮ್ಮೀ, ಚುಪ್ ರಹೋ!" ಎಂದು ಹಜರಾಬೀ ಹೌಹಾರಿದಳು.

ಮುರಿದ ಶಾವಿಗೆಯನ್ನು ಮತ್ತೆ ಹಗ್ಗಕ್ಕೆ ಹಾಕಲಾಗದು. ಒಲೆಗೆ ಹಾಕಬಹುದು. ಹಾಲು, ಬೆಲ್ಲ, ಏಲಕ್ಕಿ ಬಿದ್ದು ಖೀರಾಯಿತು. ದಾರಿ ತಪ್ಪಿದ ಸೈನ್ಯ ಶತ್ರುವಿನ ಅಂಗಳದಲ್ಲೇ ಕುಳಿತು ಬಟ್ಟಲು ಬಟ್ಟಲು ಕುಡಿಯಿತು. ಜಗದೇವಪ್ಪನವರು ಮಾತ್ರ ಬಟ್ಟಲನ್ನು ಕೈಯಲ್ಲೇ ಹಿಡಿದು ಕುಳಿತರು. ಅವರ ಕಣ್ಣೆಲ್ಲ ದೇವಕಮ್ಮನ ಮುಖದ ಮೇಲೆ. ಆ ಮುಖ ಏನನ್ನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ದಾರಿ ತೋರಿಸಿ ಎಂದು ಜಗದೇವಪ್ಪನವರನ್ನು ಯಾರೂ ಕೇಳಲಿಲ್ಲ, ಅವರೂ ಮುಂದಾಗಲಿಲ್ಲ. ಪರಿಮಳಾ ಗಿರಣಿಯ ಬಲಕ್ಕೆ ತಿರುಗಿದಳು. ಜಗದೇವಪ್ಪನವರು ಪ್ರತಿ ಸಲವೂ ಎಡಕ್ಕೆ ತಿರುಗಿದ್ದರು! ಒಂದು ಸಣ್ಣ ಸಂದಿ ದಾಟಿದ್ದೇ ಗಾಡಿರಸ್ತೆ, ರಸ್ತೆ ಹಿಡಿದು ಏರಿದರೆ ಟೇಲರ್ ಮಂಜಿಲ್. ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಇಡೀ ಸುರಪುರ, ಬಂಡೆಗಳ ನಡುವೆ ಒತ್ತಿಕೊಂಡ ಮನೆಗಳು, ಆಚೆಗೆ ಹಸಿರು ಗದ್ದೆ. ಮಾಸ್ತರರು ಕ್ಯಾಮೆರಾ ಕಣ್ಣಿಗಂಟಿಸಿಕೊಂಡು ಹುಡುಗನಂತೆ ಓಡಾಡಿದರು. ಮೇಲಿನಿಂದ ನೋಡಿದರೆ ಗಲ್ಲಿಗಳೆಲ್ಲ ಎಷ್ಟು ಸರಳವಾಗಿದ್ದವು!

ದೇವಕಮ್ಮ ಪರಿಮಳಾಳ ಜೊತೆ ಕಟ್ಟೆಯ ಮೇಲೆ ಕುಳಿತಿದ್ದರು. ಗಾಳಿ ಅವರ ಮಾತನ್ನು ಜಗದೇವಪ್ಪನವರವರೆಗೆ ಹೊತ್ತು ತಂದಿತು.

"ಹೋಳಿಗಿ ಮಾಡಾಕ ಬರ್ತದೇನವ್ವ?"

"ಬರಂಗಿಲ್ರಿ."

ಜಗದೇವಪ್ಪನವರು ಕಣ್ಣು ಮುಚ್ಚಿಕೊಂಡರು. ಬಂಡೆಯೊಂದು ಉರುಳಿ ತಮ್ಮ ಮೇಲೆ ಬೀಳಲಿ ಎನಿಸಿತು.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಆರಿದ ಹೋಳಿಗೆಯನ್ನು ಮಲ್ಲೇಶ್ವರಿ ಮತ್ತೆ ಬಿಸಿ ಮಾಡಿ ಬಡಿಸಿದಳು. ಮಾಸ್ತರರು ಊಟದ ಉದ್ದಕ್ಕೂ ನಡೆದದ್ದನ್ನು ಪಾಠ ಮಾಡಿದಂತೆ ಹೇಳಿದರು. ಛತ್ರಿ ಬೀಸಿದ ಘಟ್ಟವನ್ನು ಅಭಿನಯಿಸಿಯೂ ತೋರಿಸಿದರು. ಮಲ್ಲೇಶ್ವರಿ ನಕ್ಕು ನಕ್ಕು ತುಪ್ಪವನ್ನು ಸಾರಿಗೆ ಹಾಕಿದಳು. ಜಗದೇವಪ್ಪನವರು ತಲೆ ತಗ್ಗಿಸಿ ಉಂಡರು. ಮದುವೆಯ ಮಾತನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಬಸ್ಸಿನ ಹೊತ್ತಾಯಿತು. ಅತಿಥಿಗಳು ಎದ್ದರು. ಇನ್ನೇನು ಹೊರಟೇ ಬಿಡುತ್ತಾರೆ ಎನ್ನುವಾಗ ಜಗದೇವಪ್ಪನವರ ಎದೆ ತಡೆಯಲಿಲ್ಲ. ಕೊನೆಗೆ ಒಂದಿಷ್ಟಾದರೂ ಮರ್ಯಾದೆ ಮಾಡೋಣವೆಂದು ಚಪ್ಪಲಿ ಮೆಟ್ಟತೊಡಗಿದರು.

"ನಡ್ರಿ ಸರ, ಬಸ್ ಸ್ಟ್ಯಾಂಡಿನ ತನಕ ನಾನು ಬರ್ತೀನಿ. ಇಲ್ಲೇ ಹಿಂದಿನಿಂದ ಒಂದು ಹತ್ತಿರದ ದಾ..."

"ಬ್ಯಾಡ್ರಿ!" ಎಂದರು ಮಾಸ್ತರರು.

"ಬ್ಯಾಡ!" ಎಂದಳು ಮಲ್ಲೇಶ್ವರಿ.

"ಅಪ್ಪಾ!" ಎಂದಳು ಪರಿಮಳಾ.

ದೇವಕಮ್ಮ ಸೆರಗು ಸರಿಪಡಿಸಿಕೊಂಡು, ಜಗದೇವಪ್ಪನವರಿಗೆ ಕುರ್ಚಿ ತೋರಿಸಿದರು. "ನೀವು ಕುಂಡ್ರಿ ಅಣ್ಣಾರ. ದಾರಿ ತೋರಸಾಕ ನಮ್ಮ ಸೊಸಿ ಬರ್ತಾಳ."

ಮಲ್ಲೇಶ್ವರಿ ಬಾಯಿಗೆ ಕೈ ಇಟ್ಟುಕೊಂಡಳು. ಪರಿಮಳಾ ಸ್ಕೂಟಿಯ ಚಾವಿ ಹುಡುಕುವ ನೆಪದಲ್ಲಿ ಆ ಕಡೆ ಮುಖ ತಿರುಗಿಸಿದಳು. ಚಾವಿ ಅವಳ ಕೈಯಲ್ಲೇ ಇತ್ತು. ಜಗದೇವಪ್ಪನವರಿಗೆ ಮಾತಿನ ಮೊದಲರ್ಧಕ್ಕೆ ಅವಮಾನವಾಗಬೇಕೋ ಕೊನೆಯ ಅರ್ಧಕ್ಕೆ ಕುಣಿಯಬೇಕೋ ತಿಳಿಯದೆ, ಒಂದು ಚಪ್ಪಲಿ ಕಾಲಲ್ಲಿ ಒಂದು ಚಪ್ಪಲಿ ನೆಲದಲ್ಲಿ ಇರುವಂತೆಯೇ ದೊಪ್ಪನೆ ಕುರ್ಚಿಯಲ್ಲಿ ಕುಳಿತರು.

ಅತಿಥಿಗಳು, ಅಲ್ಲ, ಬೀಗರು ಹೋದ ಮೇಲೆ ಅವರಿಗೆ ಮೆಲ್ಲಗೆ ಉಸಿರು ಬಂತು. ಉಸಿರಿನ ಹಿಂದೆಯೇ ಗತ್ತೂ ಬಂತು.

"ನೋಡಿದೇನ? ನನ್ನ ಪರಂಪರೆ ನಡಿಗೆ ಹ್ಯಾಂಗ ಕೆಲಸ ಮಾಡ್ತು! ಮದವಿ ದಿನ ಮೆರವಣಿಗಿ ಮುಂದ ನಾನಾ..."

"ಮದವಿ ದಿನ," ಎಂದಳು ಮಲ್ಲೇಶ್ವರಿ, ಅವರ ಇನ್ನೊಂದು ಚಪ್ಪಲಿಯನ್ನೂ ಕಾಲಿಂದ ಎಳೆದು ತೆಗೆಯುತ್ತ, "ನೀವು ಇದೇ ಕುರ್ಚಿ ಮ್ಯಾಲ ಕುಂತಿರ್ರಿ. ನಿಮ್ಮನ್ನ ಕುರ್ಚಿ ಸಮೇತ ಹೊತಗೊಂಡು ಬರಾಕ ನಾಕು ಮಂದೀಗೆ ಹೇಳ್ತೀನಿ."